ದಿಡ್ಡಿ ಬಾಗಿಲು ಯಾರಿಗೆ? ರಸ್ತೆ ತಡೆಯ ಕುರಿತು ಒಂದಿಷ್ಟು ಮಾತು

(ವಿಜಯಪುರದ ಒಂದು ವಾಚನಾಲಯದಲ್ಲಿ ಸಂಜೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಕೆಮ್ಮು, ಮೈಕಿನ ಗಲಾಟೆ ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ಶರಣು.

ಕರಪತ್ರದಲ್ಲಿ ನನ್ನ ಹೆಸರಿನ ಕೆಳಗೆ 'ರಸ್ತೆ ಮತ್ತು ಅಭಿವೃದ್ಧಿ' ಅಂತ ಅಚ್ಚು ಹಾಕಿಸಿದ್ದಾರೆ. ಆ ವಿಷಯದ ಮೇಲೆ ಮಂತ್ರಿಗಳು ವಾರಕ್ಕೊಮ್ಮೆ ಮಾತಾಡುತ್ತಾರೆ, ನಾನು ಯಾಕೆ ಸುಮ್ನೆ ಅಡ್ಡ ಬರಲಿ? ಲೋಕೋಪಯೋಗಿ ಇಲಾಖೆಯಲ್ಲಿ ಸರ್ವಿಸ್ ಮುಗಿಸಿ ಮನೆಯಲ್ಲಿ ಕೂತವನು ನಾನು. ರಸ್ತೆ ಮಾಡಿಸಿದ್ದಕ್ಕೆ ಯಾರೂ ಫೋನ್ ಮಾಡಲಿಲ್ಲ. ರಸ್ತೆ ಬಂದ್ ಆದಾಗ ಮಾತ್ರ ರಾತ್ರಿ ಎರಡು ಗಂಟೆಗೂ ಫೋನ್ ಬರುತ್ತಿತ್ತು. ಹಾಗಾಗಿ ಇವತ್ತು ಬಂದ್ ಆಗುವ ರಸ್ತೆಯ ಬಗ್ಗೆಯೇ ಮಾತಾಡುತ್ತೇನೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ರಸ್ತೆಗೆ ಅಡ್ಡ ಬರುವವರು ಒಬ್ಬಿಬ್ಬರಲ್ಲ. ಹೋಳಿ ಹುಣ್ಣಿಮೆ ಹತ್ತಿರ ಬಂದರೆ ಬಾಗಲಕೋಟೆ ಕಡೆ ಹುಡುಗರು ಹಗ್ಗ ಹಿಡಿದು ನಿಲ್ಲುತ್ತಾರೆ, 'ಪಟ್ಟಿ ಕೊಡ್ರಿ ಕಾಕಾ' ಅಂತ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರ ಸಾಲು ಶುರುವಾದರೆ, ದಾರಿಯ ಊರಿನವರು ಬೈಕಿನವರನ್ನೂ ಕೈ ಅಡ್ಡ ಮಾಡಿ ನಿಲ್ಲಿಸುತ್ತಾರೆ. ಹುಗ್ಗಿ ತಿಂದೇ ಮುಂದೆ ಹೋಗಬೇಕು. ಇಂಡಿ, ಸಿಂದಗಿ ಕಡೆ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ತೊಗರಿ ಹಾಸಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಸರ್ಕಾರ ಡಾಂಬರು ಹಾಕಿದ ಕಣ! ಇನ್ನು ಗಣಪತಿ ವಿಸರ್ಜನೆಯ ದಿನ ಬೆಳಗಾವಿ ಪೇಟೆಯೊಳಗೆ ಕಾರು ತೆಗೆದುಕೊಂಡು ಹೋದವರು ಬೆಳಗಿನ ತನಕ ಅಲ್ಲೇ ಇರುತ್ತಾರೆ. ಮದುವೆ ಪೆಂಡಾಲು, ತೇರು, ಪೊಲೀಸರ ನಾಕಾಬಂದಿ, ಟೋಲ್, ಕಬ್ಬಿನ ಹೋರಾಟ, ಹೊಳೆ ನೀರು, ಕೊನೆಗೆ ರಸ್ತೆ ನಡುವೆ ಕೂತ ಎಮ್ಮೆ. ಎಲ್ಲವೂ ತಡೆಯೇ.

ಇವನ್ನೆಲ್ಲ ಒಂದೇ ಗಂಟಿಗೆ ಕಟ್ಟೋಕೆ ಆಗುವುದಿಲ್ಲ. ಆದರೆ ಇಷ್ಟು ವರ್ಷ ನೋಡಿದ ಮೇಲೆ ನನಗೆ ಒಂದು ಗುರುತು ಸಿಕ್ಕಿದೆ. ಯಾವ ತಡೆಯೂ ಎಲ್ಲರನ್ನೂ ತಡೆಯುವುದಿಲ್ಲ. ಎಲ್ಲೋ ಒಂದು ಸಂದಿ ಇದ್ದೇ ಇರುತ್ತದೆ. ಆ ಸಂದಿಯಲ್ಲಿ ಯಾರು ತೂರಿ ಹೋಗುತ್ತಾರೆ, ಅವರನ್ನು ಬಿಡುವವರು ಯಾರು ಅಂತ ನೋಡಿ. ತಡೆ ಯಾತಕ್ಕೆ ಹಾಕಿದ್ದಾರೆ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ನಿಮಗೆ ಇದನ್ನು ದೂರ ಹೋಗಿ ತೋರಿಸಬೇಕಿಲ್ಲ. ನಿಮ್ಮ ಊರಿನ ಸುತ್ತ ಸುಮಾರು 10 ಕಿಲೋಮೀಟರ್ ಕೋಟೆ ಗೋಡೆ ಇದೆ. ಒಂದನೇ ಅಲಿ ಆದಿಲ್ ಶಾಹನ ಕಾಲದ್ದು, 16ನೇ ಶತಮಾನ. ದೊಡ್ಡ ಬಾಗಿಲು ಐದು: ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಮಂಗೋಳಿ. ನಮ್ಮ ಸೀಮೆಯ ಹಳೆ ಕೋಟೆ, ಅಗಸಿ, ವಾಡೆಗಳ ಬಾಗಿಲು ನೆನಪು ಮಾಡಿಕೊಳ್ಳಿ. ದೊಡ್ಡ ಕದದಲ್ಲೇ ಒಂದು ಚಿಕ್ಕ ಕದ ಇರುತ್ತದೆ. ದಿಡ್ಡಿ ಬಾಗಿಲು. ರಾತ್ರಿ ದೊಡ್ಡ ಕದ ಹಾಕಿದ ಮೇಲೆ ಗುರುತಿನವರು ತಲೆ ಬಗ್ಗಿಸಿ ಇದರಲ್ಲಿ ಒಳಗೆ ಬರಬೇಕು. ಒಬ್ಬೊಬ್ಬರಾಗಿ ಬರಬೇಕು, ತಲೆ ಮೊದಲು ಬರಬೇಕು. ಒಳಗೆ ಕತ್ತಿ ಹಿಡಿದು ನಿಂತವನಿಗೆ ಅದಕ್ಕಿಂತ ಅನುಕೂಲ ಬೇರೆ ಏನಿದೆ?

ಎಂಜಿನಿಯರ್ ಆಗಿ ನನಗೆ ಇಷ್ಟವಾಗುವುದು ಇನ್ನೊಂದು. ದಖ್ಖನ್ನಿನ ಕೋಟೆಗಳಲ್ಲಿ ಬಾಗಿಲಿಗೆ ನೇರ ದಾರಿ ಇರುವುದು ಅಪರೂಪ. ಒಂದು ತಿರುವು, ಮತ್ತೊಂದು ತಿರುವು, ಆಮೇಲೆ ಬಾಗಿಲು. ಆನೆ ಓಡಿ ಬಂದು ಗುದ್ದಬಾರದು, ಅದಕ್ಕೆ. ಓಡೋಕೆ ಜಾಗವೇ ಸಿಗದಿದ್ದರೆ ಆನೆಯ ತೂಕ ಏನು ಮಾಡೀತು? ಮೇಲೆ ಕದಕ್ಕೆ ಕಬ್ಬಿಣದ ಮುಳ್ಳು. ಇವತ್ತು ಹೆದ್ದಾರಿಯಲ್ಲಿ ಪೊಲೀಸರು ಬ್ಯಾರಿಕೇಡನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ಇಡುತ್ತಾರಲ್ಲ, ಲೆಕ್ಕ ಅದೇ. ಲಾರಿಯನ್ನು ತಗಡಿನ ಬ್ಯಾರಿಕೇಡ್ ನಿಲ್ಲಿಸುವುದಿಲ್ಲ. ತಿರುವು ಅದರ ವೇಗ ತಿನ್ನುತ್ತದೆ. ಡ್ರೈವರನ ಮುಖ ನೋಡುವಷ್ಟು ಹೊತ್ತು ಸಿಕ್ಕರೆ ಪೊಲೀಸರಿಗೆ ಸಾಕು.

ಕೋಟೆ ಮಾತು ಬಂದಿದ್ದಕ್ಕೆ ಇನ್ನೊಂದು ಕಥೆ ಹೇಳಿ ಮುಂದೆ ಹೋಗುತ್ತೇನೆ. 1665ರ ಕೊನೆಗೆ ಮೊಗಲರ ಸೇನಾಪತಿ ಜಯಸಿಂಗ ಬಿಜಾಪುರದ ಮೇಲೆ ಬಂದ. ಪುರಂದರದ ಒಪ್ಪಂದ ಆಗಿತ್ತು, ಹಾಗಾಗಿ ಶಿವಾಜಿಯೂ ಅವನ ಜೊತೆಗಿದ್ದ. ಊರು ಇನ್ನು ಹನ್ನೆರಡು ಮೈಲಿ. ಎರಡನೇ ಅಲಿ ಆದಿಲ್ ಶಾಹ ಏನು ಮಾಡಿದ್ದ ಗೊತ್ತಾ? ಕೋಟೆ ಗೋಡೆಯನ್ನಷ್ಟೇ ನಂಬಿ ಕೂರಲಿಲ್ಲ. ಊರ ಸುತ್ತಲಿನ ಬಾವಿ ಮುಚ್ಚಿಸಿದ, ಕೆರೆ ಒಡೆಸಿದ, ಗಿಡ ಕಡಿಸಿದ. ಕುದುರೆಗೆ ನೀರಿಲ್ಲ, ಮೇವಿಲ್ಲ, ನೆರಳಿಲ್ಲ. ದೊಡ್ಡ ತೋಪುಗಳನ್ನೂ ತಂದಿರದ ಜಯಸಿಂಗ 1666ರ ಜನವರಿಯಲ್ಲಿ ಬಂದ ದಾರಿಗೇ ಹಿಂದೆ ಹೋದ. ದಾರಿ ಇತ್ತು, ಬರುವವನಿಗೆ ಬರೋಕೆ ಆಗಲಿಲ್ಲ. ಆದರೆ ಬಾವಿ ಮುಚ್ಚಿದ್ದು ಯಾರದು? ಸುತ್ತಲಿನ ರೈತರದು. ಆ ತಡೆಯಲ್ಲಿ ಅವರಿಗೆ ದಿಡ್ಡಿ ಇರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಔರಂಗಜೇಬನೇ ಬಂದು ಕೂತ. 1686ರಲ್ಲಿ ಊರು ಬಿತ್ತು. ಅವನು ಒಳಗೆ ಬಂದ ಮಂಗೋಳಿ ಬಾಗಿಲಿಗೆ ಫತೇಹ್ ದರವಾಜಾ ಅಂತ ಹೆಸರಾಯಿತು.

ಈಗ ಸುಂಕ. 'ಸುಂಕದವರ ಹತ್ತಿರ ಸುಖ-ದುಃಖ ಹೇಳಿಕೊಂಡ ಹಾಗೆ' ಅನ್ನುವ ಗಾದೆ ಟೋಲ್ ನಾಕಾದಲ್ಲಿ ನಿಂತಾಗ ಎಲ್ಲರಿಗೂ ನೆನಪಾಗುತ್ತದೆ. ಫಾಸ್ಟ್ಯಾಗ್‌ನಲ್ಲಿ ದುಡ್ಡಿಲ್ಲ, ಹಿಂದಿನವ ಹಾರ್ನ್ ಹೊಡೀತಾನೆ, ಕಿಟಕಿಯ ಹುಡುಗನಿಗೆ ನಿಮ್ಮ ಮಗಳ ಮದುವೆಯ ಅವಸರ ಹೇಳಿ ಏನು ಉಪಯೋಗ? ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಅಂತ ಸುಂಕದ ಹೆಸರುಗಳೇ ಸಾಲಾಗಿ ಬರುತ್ತವೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ವ್ಯಾಪಾರಿಗಳು, ಅಯ್ಯಾವೊಳೆ ಐನೂರ್ವರು, ದಕ್ಷಿಣವನ್ನೆಲ್ಲ ಸುತ್ತಿದವರು. ಅವರು ಕಟ್ಟದ ಸುಂಕ ಇರಲಿಕ್ಕಿಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಅಂತಲೇ ಒಬ್ಬರಿದ್ದಾರೆ, ಕಾಯಕವೇ ಅದು. ಗಾದೆ ಹುಟ್ಟಿಸಿದ ಕೆಲಸದಲ್ಲಿದ್ದು ಶರಣ ಅನ್ನಿಸಿಕೊಳ್ಳೋದು ಸಣ್ಣ ಮಾತಲ್ಲ ಬಿಡಿ.

ಆ ಶಾಸನಗಳಲ್ಲಿ ನನಗೆ ರುಚಿ ಹತ್ತುವುದು ಸುಂಕ ಮಾಫಿ ಮಾಡಿದ ಸಾಲುಗಳು. ಇಂಥ ದೇವಸ್ಥಾನಕ್ಕೆ ಸಾಮಾನು ಒಯ್ಯುವ ಇಷ್ಟು ಹೇರೆತ್ತಿಗೆ ಸುಂಕ ಇಲ್ಲ, ಇಂಥವರಿಗೆ ಇಲ್ಲ ಅಂತ ಕಲ್ಲಿನಲ್ಲಿ ಕೊರೆಸಿದ್ದಾರೆ. ಈಗ ಹತ್ತರಗಿಯಲ್ಲೋ ಹಿರೇಬಾಗೇವಾಡಿಯಲ್ಲೋ ಟೋಲಿಗೆ ಗಾಡಿ ನಿಂತಾಗ ಮೇಲೆ ಬೋರ್ಡು ಓದಿ ನೋಡಿ. ರಾಷ್ಟ್ರಪತಿಯಿಂದ ಶುರುವಾಗಿ ನ್ಯಾಯಮೂರ್ತಿಗಳು, ಶಾಸಕರು, ಆಂಬುಲೆನ್ಸ್, ಶವದ ಗಾಡಿ. ಬೈಕಿಗೆ, ಟ್ರ್ಯಾಕ್ಟರಿಗೆ, ಚಕ್ಕಡಿಗೆ ಟೋಲ್ ಇಲ್ಲ. 20 ಕಿಲೋಮೀಟರ್ ಒಳಗಿನ ಊರಿನವರ ಸ್ವಂತ ಕಾರಿಗೆ ತಿಂಗಳ ಪಾಸ್ ಉಂಟು. ಕಲ್ಲು ಹೋಗಿ ತಗಡು ಬಂದಿದೆ, ಅಷ್ಟೇ ವ್ಯತ್ಯಾಸ. ಸುಂಕದ ತಡೆಗೆ ನಿಮ್ಮನ್ನು ನಿಲ್ಲಿಸುವ ಆಸೆ ಇಲ್ಲ, ನೀವು ಹೋಗಲೇಬೇಕು. ಹೋದರೇ ಅದಕ್ಕೆ ದುಡ್ಡು. ಅದಕ್ಕೇ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ ಮಾಡಿದರು.

ಇದಕ್ಕೆ ಪೂರಾ ಉಲ್ಟಾ ಇರುವುದು ಹೊಳೆಯ ತಡೆ. ಚಿಕ್ಕೋಡಿ, ನಿಪ್ಪಾಣಿ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಗೊತ್ತು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಏರುತ್ತವೆ. ಕಲ್ಲೋಳ-ಯಡೂರ, ಕಾರದಗಾ-ಭೋಜ, ಹೀಗೆ ತಗ್ಗಿನ ಸೇತುವೆಗಳು ಒಂದೊಂದಾಗಿ ಮುಳುಗುತ್ತವೆ. ಗೋಕಾಕದ ಲೋಳಸೂರ ಸೇತುವೆ ಘಟಪ್ರಭೆಯಲ್ಲಿ ಮುಳುಗುತ್ತದೆ. 2019ರಲ್ಲಿ, ಮತ್ತೆ 2021ರಲ್ಲಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಯಿತು. ಪುಣೆ-ಬೆಂಗಳೂರು ಲಾರಿಗಳು ಮೈಲಿಗಟ್ಟಲೆ ನಿಂತವು.

ಇಂಥ ಹೊತ್ತಿನಲ್ಲಿ ಜಿಲ್ಲಾಧಿಕಾರಿಗಳ ಆದೇಶ, ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಎಲ್ಲ ಇದೆ. ಆದರೆ ನೀರು ಆದೇಶ ಬರೋ ತನಕ ಕಾಯುವುದಿಲ್ಲ. ಸೇತುವೆ ಮೇಲೆ ನಿಜವಾದ ಅಧಿಕಾರಿ ನಮ್ಮ ಗ್ಯಾಂಗ್‌ಮನ್, ಇಲಾಖೆಯ ರಸ್ತೆ ಕೆಲಸದವನು. ದೂಧಗಂಗೆಯ ಒಂದು ಸೇತುವೆ ಮೇಲೆ ನಾನು ಕಂಡವನು ಹೀಗಿದ್ದ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಕುಡುಗೋಲು. ಎರಡು ಜಾಲಿ ಕಂಟಿ ಕಡಿದು ಎಳೆದು ಅಡ್ಡ ಹಾಕಿದ. ಪೊಲೀಸರ ಬ್ಯಾರಿಕೇಡ್ ಇತ್ತು, ಆದರೆ ಅದನ್ನು ಜನ ಎತ್ತಿ ಬದಿಗಿಡುತ್ತಾರೆ. ಜಾಲಿ ಮುಳ್ಳಿಗೆ ಯಾರೂ ಸುಲಭಕ್ಕೆ ಕೈ ಹಾಕುವುದಿಲ್ಲ. ಸೇತುವೆಯ ಅಂಚಿಗೆ ಸಾಲಾಗಿ ಗಾರ್ಡ್ ಸ್ಟೋನ್ ಇರುತ್ತವಲ್ಲ, ಬಿಳಿ-ಕಪ್ಪು ಬಣ್ಣ ಹೊಡೆದ ಕಲ್ಲು, ಅವೇ ಅವನ ಅಳತೆ.

ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಒಬ್ಬ ಹಿರಿಯರು ಬಂದರು.

'ತಮ್ಮಾ, ಡೇರಿ ಆ ದಂಡಿಗೈತಿ. ನೀರು ಮೊಳಕಾಲ ಮಟ ಅಷ್ಟ ಐತಿ. ಬಿಡು.'

'ಕಾಕಾ, ಕಲ್ಲು ಎಷ್ಟ ಕಾಣ್ತಾವ್ ಹೇಳ್ರಿ.'

'ತುದಿ ಕಾಣ್ತಾವ.'

'ಅರ್ಧ ಕಾಣಾಕ ಹತ್ತಿದ್ ಮ್ಯಾಗ ಬರ್ರಿ. ನನ್ನ ತಮ್ಮ ಬಂದ್ರೂ ಬಿಡಂಗಿಲ್ಲ.'

ಹಿರಿಯರು ನನ್ನ ಕಡೆ ನೋಡಿದರು, ಸಾಹೇಬರು ಒಂದು ಮಾತು ಹೇಳಿಯಾರು ಅಂತ. ನಾನು ಹೊಳೆ ಕಡೆ ನೋಡಿದೆ. ಕೊನೆಗೆ ಆ ಹಾಲಿನಲ್ಲಿ ಒಂದು ಪಾಲು ಅಲ್ಲಿ ನಿಂತ ಪೊಲೀಸರ, ಲಾರಿಯವರ ಚಹಾಕ್ಕೆ ಹೋಯಿತು, ಉಳಿದದ್ದು ಮನೆಗೆ. ಅಷ್ಟರಲ್ಲಿ ಟ್ರ್ಯಾಕ್ಟರಿನವನೊಬ್ಬ 'ನಂದು ಭಾರೀ ಗಾಡಿ' ಅಂತ ಬಂದ. ಅವನಿಗೂ ಅದೇ ಉತ್ತರ. ಹರಿಯುವ ನೀರು ಎರಡು ಅಡಿ ಇದ್ದರೆ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಟ್ರ್ಯಾಕ್ಟರಿಗೆ ತೂಕ ಇದೆ, ಆದರೆ ಕೆಳಗೆ ಸೇತುವೆಯ ಮೈ ಕಿತ್ತು ಹೋಗಿದ್ದರೆ ತೂಕ ಏನು ಮಾಡುತ್ತದೆ? ನೀರು ಕೆಂಪಾಗಿರುತ್ತದೆ, ತಳ ಕಾಣುವುದಿಲ್ಲ. ಈ ಒಂದು ತಡೆಗೆ ಮಾತ್ರ ದಿಡ್ಡಿ ಇರಬಾರದು ಅಂತ ನನ್ನ ಖಚಿತ ಅಭಿಪ್ರಾಯ. ಶಾಸಕರ ಕಾರಿಗೂ ಇರಬಾರದು. ಅಲ್ಲಿ ಒಬ್ಬನನ್ನು ಬಿಟ್ಟರೆ ಹಿಂದಿನ ಹತ್ತು ಜನ 'ಅವ್ರು ಹೋದ್ರಲ್ಲ' ಅಂತ ಇಳಿಯುತ್ತಾರೆ.

ಮುಳ್ಳು ಕಂಟಿ ಅಂದ ಕೂಡಲೇ ನಿಮಗೆ 2020 ನೆನಪಾಗಿರಬೇಕು. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತು. ಸರ್ಕಾರ ಹೆದ್ದಾರಿ ಬಂದ್ ಮಾಡಿತು, ಹಳ್ಳಿಯವರು ತಮ್ಮ ಅಗಸಿ ತಾವೇ ಬಂದ್ ಮಾಡಿಕೊಂಡರು. ಕಂಟಿ ಹಾಕಿದರು, ಕಲ್ಲು ಒಟ್ಟಿದರು, ಕೆಲವು ಕಡೆ ಜೆಸಿಬಿ ತಂದು ರಸ್ತೆಯನ್ನೇ ಅಗೆದರು. ಅಗೆದಲ್ಲಿ ಆಮೇಲೆ ತೇಪೆ ಹಾಕಿದವರು ನಾವು, ಅದು ಬೇರೆ ಮಾತು. ಊರಿಗೆ ಬೇಲಿ ಹಾಕುವುದು ಹಳ್ಳಿಗೆ ಹೊಸದೇನಲ್ಲ. ಗ್ರಾಮದೇವಿ ಜಾತ್ರೆಯ ಹೊತ್ತಿಗೆ ಕೆಲವು ಊರಿನಲ್ಲಿ ದಾರಿಗೆ ಮುಳ್ಳು ಹಚ್ಚಿ, ಒಳಗಿನವರು ಹೊರಗೆ ಹೋಗಬಾರದು, ಹೊರಗಿನವರು ಒಳಗೆ ಬರಬಾರದು ಅಂತ ಮಾಡುವ ರೂಢಿ ಇದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ನಾವು ಆಗ ಮುಂಬಯಿ ಪ್ರಾಂತ್ಯದವರು. ಮರುವರ್ಷ, 1897ರಲ್ಲಿ ಬ್ರಿಟಿಷರು ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿದರು, ರೈಲಿನಲ್ಲಿ ಬಂದವರನ್ನು ಇಳಿಸಿ ತಪಾಸಣೆ ಮಾಡಿದರು. 2020ರಲ್ಲೂ ಸರ್ಕಾರ ಆ ಹಳೇ ಕಾಯ್ದೆಯನ್ನು ಹೊರಗೆ ತೆಗೆಯಿತು.

ಆ ಮುಳ್ಳಿನ ಸಂದಿಯಲ್ಲಿ ಯಾರು ಹೋದರು? ಊರ ಗೌಡರ ಮಗ ಪುಣೆಯಿಂದ ರಾತ್ರಿ ಕಾರಿನಲ್ಲಿ ಬಂದರೆ ಕಂಟಿ ಸರಿಯುತ್ತಿತ್ತು. ಗೋವಾದಲ್ಲಿ, ಮಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ನಡೆದು ಬಂದವರು ಊರ ಹೊರಗೆ ಶಾಲೆಯಲ್ಲಿ ಇರಬೇಕಾಯಿತು. ಎಲ್ಲ ಊರಿನಲ್ಲೂ ಹೀಗೆ ಅಂತ ಹೇಳುವುದಿಲ್ಲ. ಕೆಲವು ಊರಿನವರು ಅದೇ ಶಾಲೆಗೆ ಎರಡು ಹೊತ್ತು ರೊಟ್ಟಿ ಕಳಿಸಿದ್ದಾರೆ. ಆದರೆ ರೋಗಕ್ಕೆ ಹೆದರಿ ಹಾಕಿದ ಬೇಲಿ ಬಲು ಬೇಗ ಯಾರು ನಮ್ಮವರು ಅಂತ ಆರಿಸುವ ಬೇಲಿ ಆಗುತ್ತದೆ, ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಗಡಿಯ ನಾಕಾಗಳದೂ ಇದೇ ಹಾಡು. ಕೊಗನೊಳ್ಳಿ, ಕಾಗವಾಡ, ಭೀಮಾ ದಂಡೆಯ ಧೂಳಖೇಡ. ಕೊರೊನಾ ಹೊತ್ತಿನಲ್ಲಿ ಅಲ್ಲಿ ಆರ್‌ಟಿಪಿಸಿಆರ್ ಚೀಟಿ ಕೇಳಿದರು. ಚುನಾವಣೆ ಬಂದರೆ ಅದೇ ಟೆಂಟು, ಅದೇ ಕುರ್ಚಿ, ಈಗ ಕೇಳುವುದು ದುಡ್ಡಿನ ದಾಖಲೆ. 50,000 ರೂಪಾಯಿಗಿಂತ ಜಾಸ್ತಿ ಇದ್ದು ಕಾಗದ ಇಲ್ಲದಿದ್ದರೆ ಜಪ್ತಿ. ದನ ಮಾರಿ ಬರುವ ರೈತನಿಗೆ ಸಂತೆಯಲ್ಲಿ ರಸೀದಿ ಕೊಟ್ಟಿರುವುದಿಲ್ಲ, ಅವನ ಪಾಡು ಕೇಳಬೇಡಿ. ಬೆಳಗಾವಿಯ ಅಧಿವೇಶನ ಬಂದರೆ ಮಹಾರಾಷ್ಟ್ರದ ನಾಯಕರನ್ನು ಕೊಗನೊಳ್ಳಿಯಲ್ಲಿ ತಡೆದು ವಾಪಸ್ ಕಳಿಸಿದ್ದು ಎಷ್ಟೋ ಸಲ. ಭಾಷೆಯ ಗಲಾಟೆ ಎದ್ದರೆ ಎರಡೂ ರಾಜ್ಯದ ಬಸ್ಸು ಗಡಿಗೆ ಬಂದು ನಿಲ್ಲುತ್ತವೆ. ಪ್ಯಾಸೆಂಜರ್ ಇಳಿದು, ಬ್ಯಾಗು ಹೊತ್ತು, ಆಚೆ ನಡೆದು ಹೋಗಿ ಆ ಕಡೆಯ ಗಾಡಿ ಹತ್ತುತ್ತಾನೆ. ಅವನನ್ನು ಯಾರೂ ತಡೆಯುವುದಿಲ್ಲ. ತಡೆ ಇರುವುದು ಬಸ್ಸಿನ ಮೈ ಮೇಲಿನ ಅಕ್ಷರಕ್ಕೆ, ಕಷ್ಟ ಮಾತ್ರ ಬ್ಯಾಗು ಹೊತ್ತವನಿಗೆ.

ಇನ್ನು ನೀವೆಲ್ಲ ಕಾಯುತ್ತಿರುವ ವಿಷಯ, ರಸ್ತಾ ರೋಕೋ.

ಕಾರ್ಮಿಕನಿಗೆ ಸಿಟ್ಟು ಬಂದರೆ ಕೆಲಸ ನಿಲ್ಲಿಸುತ್ತಾನೆ. ಕಬ್ಬು ಬೆಳೆದವನು ಏನು ನಿಲ್ಲಿಸಬೇಕು? ಅವನು ಫ್ಯಾಕ್ಟರಿಯ ನೌಕರ ಅಲ್ಲ. ಕಬ್ಬು ಕಡಿಯದೇ ಬಿಟ್ಟರೆ ಹೊಲದಲ್ಲೇ ಒಣಗುತ್ತದೆ. ಕಡಿದು ಇಟ್ಟರೆ ದಿನದಿಂದ ದಿನಕ್ಕೆ ತೂಕವೂ ಕಮ್ಮಿ, ಸಕ್ಕರೆಯೂ ಕಮ್ಮಿ. ಕಡಿದ ಕಬ್ಬು ಒಂದು ದಿನದಲ್ಲಿ ನುರಿಯಬೇಕು ಅನ್ನುವುದೇ ಅದಕ್ಕೆ. ಸುಮ್ಮನೆ ಕೂತರೆ ಸೋಲುವವನು ಅವನೇ. ಹಾಗಾಗಿ ಅವನು ಹಿಡಿಯುವುದು ಫ್ಯಾಕ್ಟರಿಗೆ ಹೋಗುವ ರಸ್ತೆಯನ್ನು. ಅದೂ ಯಾವಾಗ? ಅಕ್ಟೋಬರ್ ಕೊನೆ, ನವೆಂಬರ್ ಮೊದಲು. ಬಾಯ್ಲರಿಗೆ ಬೆಂಕಿ ಹಾಕುವ ಹೊತ್ತು ಅದು, ತನ್ನ ಕಬ್ಬು ಇನ್ನೂ ನಿಂತೇ ಇರುತ್ತದೆ. ಫ್ಯಾಕ್ಟರಿಗೆ ಅವಸರ, ಇವನಿಗೆ ಇನ್ನೂ ನಾಲ್ಕು ದಿನ ತಾಳಿಕೊಳ್ಳುವ ಶಕ್ತಿ. ಜನವರಿಯಲ್ಲಿ ಇದೇ ಹೋರಾಟ ಮಾಡಿದರೆ ಅವನ ಕುತ್ತಿಗೆಗೇ ಬರುತ್ತದೆ. ಈ ಲೆಕ್ಕ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ, ಮುಧೋಳ, ರಾಯಬಾಗ ಕಡೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ನೋಡಿದಿರಿ. ಕೇಂದ್ರ ಸರ್ಕಾರದ ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಆ ಹಂಗಾಮಿಗೆ ಕ್ವಿಂಟಲ್ಲಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ 10.25 ಪರ್ಸೆಂಟ್ ಇದ್ದರೆ. ಟನ್ನಿಗೆ 3,550 ಅಂತ ಕೇಳೋಕೆ ಚೆನ್ನಾಗಿದೆ, ಆದರೆ ಅದರಲ್ಲಿ ಕಟಾವು, ಸಾಗಾಣಿಕೆಯ ಖರ್ಚು ಕಳೆದು ಕೈಗೆ ಬರುವುದು ಬೇರೆಯೇ ಅಂಕಿ. ರೈತರು ಆ ಖರ್ಚು ಬಿಟ್ಟು ಟನ್ನಿಗೆ 3,500 ಕೇಳಿದರು. ದಿನಗಟ್ಟಲೆ ರಸ್ತೆ ಮೇಲೇ ಕೂತರು, ಅಲ್ಲೇ ಉಂಡರು, ಅಲ್ಲೇ ಮಲಗಿದರು. ಕೊನೆಗೆ ಮುಖ್ಯಮಂತ್ರಿಗಳ ಸಭೆಯಲ್ಲಿ 3,300ಕ್ಕೆ ಬಂದು ನಿಂತಿತು. ಸಾಲದು ಅಂದವರಿದ್ದಾರೆ, ಗೆದ್ದೆವು ಅಂದವರೂ ಇದ್ದಾರೆ. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಅದು ನೆಟ್ಟಗೆ ನಡೆದಿದ್ದರೆ ಎಷ್ಟೋ ಕ್ರಾಸುಗಳು ಖಾಲಿ ಇರುತ್ತಿದ್ದವು.

ಕ್ರಾಸ್ ಅನ್ನೇ ಯಾಕೆ ಆರಿಸುತ್ತಾರೆ? ಒಂದು ರಸ್ತೆ ಹಿಡಿದರೆ ಒಂದೇ ಕಡೆಯವರು ನಿಲ್ಲುತ್ತಾರೆ. ಕ್ರಾಸಿನಲ್ಲಿ ಕೂತರೆ ನಾಲ್ಕು ಕಡೆ. ಜೊತೆಗೆ ಚಹಾದಂಗಡಿ, ನೆರಳು, ನೀರು. ಈ ತಡೆಗೆ ತನ್ನದೇ ಶಿಸ್ತು ಇದೆ. ಆಂಬುಲೆನ್ಸ್ ಶಬ್ದ ಕೇಳಿದರೆ ಘೋಷಣೆ ನಡುವೆಯೇ ಜನ ಎರಡು ಹೋಳಾಗಿ ದಾರಿ ಬಿಡುತ್ತಾರೆ. ಹಾಲ್ ಟಿಕೆಟ್ ತೋರಿಸಿದ ಹುಡುಗಿಯ ಬೈಕನ್ನು ತಾವೇ ತಳ್ಳಿ ಆಚೆ ದಾಟಿಸುತ್ತಾರೆ. ಬಸ್ ಡ್ರೈವರುಗಳಿಗೂ ಇದು ರೂಢಿ. ಎಂಜಿನ್ ಬಂದ್ ಮಾಡಿ, ಎಲೆ-ಅಡಿಕೆ ಸಂಚಿ ಬಿಚ್ಚಿ, ಕೂತವರ ಪಕ್ಕದಲ್ಲೇ ಕೂತು 'ಯಾರ್ ಬರಬೇಕಂತ?' ಅಂತ ಕೇಳುತ್ತಾರೆ.

ಆ ಪ್ರಶ್ನೆಯಲ್ಲೇ ಎಲ್ಲ ಇದೆ. ಯಾರು ಬರಬೇಕು? ಮೊದಲು ಪಿ.ಎಸ್.ಐ. ಬರುತ್ತಾರೆ. ಆಮೇಲೆ ತಹಶೀಲ್ದಾರರು ಬಂದು 'ಮನವಿ ಕೊಡ್ರಿ, ಮ್ಯಾಲೆ ಕಳಸ್ತೀನಿ' ಅನ್ನುತ್ತಾರೆ. 'ನೀವ್ಯಾಕ ಬಿಸಲಾಗ ಬಂದ್ರಿ ಸಾಹೇಬ್ರ? ಡಿ.ಸಿ. ಬರ್ಲಿ' ಅಂತ ಉತ್ತರ ಬರುತ್ತದೆ. ಡಿ.ಸಿ. ಬಂದರೆ ಮಂತ್ರಿ ಬರಬೇಕು. ತಡೆಯ ಅಳತೆ ಎಷ್ಟು ಲಾರಿ ನಿಂತವು ಅನ್ನುವುದಲ್ಲ, ಯಾವ ದರ್ಜೆಯವರು ಕಾರಿನಿಂದ ಇಳಿದರು ಅನ್ನುವುದು. ಅರ್ಜಿ ಹಿಡಿದು ಕಚೇರಿಗೆ ಹೋದವನಿಗೆ 'ಸಾಹೇಬರು ಮೀಟಿಂಗಿನಲ್ಲಿದ್ದಾರೆ' ಅನ್ನುತ್ತಾರೆ. ರಸ್ತೆಗೆ ಕೂತರೆ ಅದೇ ಸಾಹೇಬರು ತಾವೇ ಹುಡುಕಿಕೊಂಡು ಬರುತ್ತಾರೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂನಲ್ಲಿ ಒಬ್ಬರ ದಾರಿಗೆ ಅಡ್ಡ ನಿಂತರೆ ಒಂದು ತಿಂಗಳ ತನಕ ಸಾದಾ ಸಜೆ ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದರೆ 285ನೇ ಕಲಂ, ದಂಡ 5,000ದ ತನಕ. ರಾಷ್ಟ್ರೀಯ ಹೆದ್ದಾರಿಯನ್ನೇ ಕೆಡಿಸಿದರೆ ಹೆದ್ದಾರಿ ಕಾಯ್ದೆಯಲ್ಲಿ ಐದು ವರ್ಷದ ತನಕ ಸಜೆ. ದೆಹಲಿಯ ಶಾಹೀನ್ ಬಾಗ್‌ನಲ್ಲಿ ಜನ ರಸ್ತೆ ಹಿಡಿದು ಕೂತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಅಕ್ಟೋಬರ್ 7ರಂದು, ಪ್ರತಿಭಟನೆಯ ಹಕ್ಕು ಇದೆ, ಆದರೆ ಸಾರ್ವಜನಿಕ ರಸ್ತೆಯನ್ನು ಲೆಕ್ಕವಿಲ್ಲದಷ್ಟು ದಿನ ಹಿಡಿದು ಕೂರುವಂತಿಲ್ಲ ಅಂದಿತು. ಮರುತಿಂಗಳೇ ದೆಹಲಿಯ ಗಡಿಯಲ್ಲಿ ರೈತರು ಕೂತರು. ಅಲ್ಲಿ ರಸ್ತೆಗೆ ಕಾಂಕ್ರೀಟ್ ಗೋಡೆ ಹಾಕಿ, ಮೊಳೆ ಹೊಡೆದವರು ಪೊಲೀಸರು. ಎರಡೂ ಕಡೆಯವರೂ ತಡೆದರು, ಯಾರ ತಡೆಗೆ ಕೇಸ್ ಆಗುತ್ತದೆ ಅನ್ನೋದರಲ್ಲಿ ಮಾತ್ರ ವ್ಯತ್ಯಾಸ. ನಮ್ಮಲ್ಲೂ 2024ರ ಡಿಸೆಂಬರ್ 10ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ಮುಂದೆ ಪಂಚಮಸಾಲಿ ಲಿಂಗಾಯತರ ಮೀಸಲಾತಿ ಹೋರಾಟಕ್ಕೆ ಲಾಠಿ ಬೀಸಿದ್ದು ಹೆದ್ದಾರಿಯ ಮೇಲೆಯೇ. 2012ರಲ್ಲಿ ಆ ಕಟ್ಟಡ ಉದ್ಘಾಟನೆ ಆದಾಗ ಹೆದ್ದಾರಿ ಪಕ್ಕದಲ್ಲಿದೆ, ಅನುಕೂಲ ಅಂದರು. ಅನುಕೂಲ ಎಲ್ಲರಿಗೂ ಆಯಿತು!

ಹೊರದೇಶದ ಮಾತು ಸ್ವಲ್ಪವೇ ಹೇಳುತ್ತೇನೆ. ಪ್ಯಾರಿಸ್ಸಿನಲ್ಲಿ 1830, 1848ರಲ್ಲಿ ಜನ ಓಣಿಗೆ ಕಲ್ಲು, ಗಾಡಿ, ಮಂಚ ಒಟ್ಟಿ ಸೈನ್ಯ ತಡೆದರು. 1853ರ ಮೇಲೆ ಓಸ್ಮಾನ್ ಅನ್ನುವ ಅಧಿಕಾರಿ ಊರಿನ ನಡುವೆ ಅಗಲ ರಸ್ತೆ ಸೀಳಿದ. ಗಾಳಿ, ಚರಂಡಿ, ಸೊಬಗು ಎಲ್ಲ ಕಾರಣ ಇದ್ದವು, ಅಡ್ಡಗಟ್ಟುವುದು ಕಷ್ಟವಾಗಲಿ ಅನ್ನುವುದೂ ಒಂದು. 1871ರಲ್ಲಿ ಆ ಅಗಲ ರಸ್ತೆಗಳಿಗೂ ಅಡ್ಡ ಕಟ್ಟಿದರು. ಅರ್ಜೆಂಟೀನಾದಲ್ಲಿ ಸರ್ಕಾರಿ ಎಣ್ಣೆ ಕಂಪನಿಯನ್ನು ಖಾಸಗಿಗೆ ಕೊಟ್ಟಾಗ ಕೆಲಸ ಕಳೆದುಕೊಂಡವರು 1996ರಲ್ಲಿ ಹೆದ್ದಾರಿ ಹಿಡಿದರು. ಕೆಲಸವೇ ಇಲ್ಲದವನು ಯಾವ ಕೆಲಸ ನಿಲ್ಲಿಸಬೇಕು? ನಮ್ಮ ಕಬ್ಬಿನವರ ಲೆಕ್ಕವೇ ಅದು.

ಒಂದು ತಕರಾರು ಮಾತ್ರ ಹೇಳಲೇಬೇಕು. ಟೈರ್ ಸುಡಬೇಡಿ. ಡಾಂಬರು 50 ಡಿಗ್ರಿ ಆಸುಪಾಸಿಗೇ ಮೆತ್ತಗಾಗುವ ವಸ್ತು, ಟೈರಿನ ಬೆಂಕಿ ನೂರಾರು ಡಿಗ್ರಿ. ಮೇಲಿನ ಪದರದ ಡಾಂಬರು ಸುಟ್ಟು ಜಲ್ಲಿ ಬಿಡಿಬಿಡಿ ಆಗುತ್ತದೆ. ಮರುದಿನ ಕಪ್ಪು ಕಲೆ ಮಾತ್ರ ಕಾಣುತ್ತದೆ, ಮಳೆಗಾಲದಲ್ಲಿ ಅಲ್ಲೇ ಗುಂಡಿ. ಟೈರಿನೊಳಗಿನ ತಂತಿ ವಾರಗಟ್ಟಲೆ ಬೈಕುಗಳ ಗಾಲಿ ಚುಚ್ಚುತ್ತದೆ. ಟಿ.ವಿ.ಯಲ್ಲಿ ಹೊಗೆ ಚೆನ್ನಾಗಿ ಕಾಣುತ್ತದೆ ಅಂತ ಸುಡುತ್ತಾರೆ, ಗೊತ್ತಿದೆ. ಅದರ ಬದಲು ಚಕ್ಕಡಿ ನಿಲ್ಲಿಸಿ, ಎತ್ತುಗಳೂ ಚೆನ್ನಾಗಿಯೇ ಕಾಣುತ್ತವೆ.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು, ಅದನ್ನೂ ಸೇರಿಸುತ್ತೇನೆ.

ಒಬ್ಬ ತಾಯಿ ಕೇಳಿದರು: 'ನಮ್ಮೂರಾಗ ಅಪಘಾತ ಆದ ಮ್ಯಾಲೆ ಊರವ್ರ ಹಂಪ್ ಹಾಕ್ಯಾರ್ರಿ. ಅದರ ಮ್ಯಾಲೇ ಈಗ ಬೈಕ್ ಬೀಳಾಕತ್ತಾವು. ಏನ್ ಮಾಡೂದು?' ಇದು ನನ್ನ ಖಾತೆ. ಸರಿಯಾದ ಹಂಪಿಗೆ ಅಳತೆ ಇದೆ: ಅಗಲ 3.7 ಮೀಟರ್, ನಡುವೆ ಎತ್ತರ 10 ಸೆಂಟಿಮೀಟರ್. ಅಂದರೆ ಹನ್ನೆರಡು ಅಡಿ ಅಗಲಕ್ಕೆ ಬರೀ ನಾಲ್ಕು ಇಂಚು ಏರು. ಊರವರು ಸಿಟ್ಟಿನಲ್ಲಿ ಹಾಕುವುದು ಎರಡು ಅಡಿ ಅಗಲದ ದಿಂಡು. ಅದು ಅಷ್ಟು ಎತ್ತರ ಇದ್ದರೆ ಬೈಕು ಹಾರಲೇಬೇಕು. ಗ್ರಾಮ ಪಂಚಾಯಿತಿಯಿಂದ ಬರೆಸಿ ಇಲಾಖೆಗೆ ಕೊಡಿ, ಅಳತೆ ಬರೆದೇ ಕೊಡಿ, ಬಿಳಿ ಪಟ್ಟಿ ಮತ್ತು ಮುಂಚೆಯೇ ಕಾಣುವ ಬೋರ್ಡು ಬೇಕು ಅಂತಲೂ ಬರೆಯಿರಿ. ರಾಷ್ಟ್ರೀಯ ಹೆದ್ದಾರಿ ಆದರೆ ಹಂಪ್ ಕೊಡುವುದಿಲ್ಲ, ಬೇರೆ ಉಪಾಯ ಕೇಳಬೇಕಾಗುತ್ತದೆ.

ಇನ್ನೊಬ್ಬ ಕಾಲೇಜು ಹುಡುಗ ಎದ್ದ: 'ಸರ್, ನೀವು ಸರ್ಕಾರಿ ನೌಕರ ಆಗಿದ್ದವರು. ರಸ್ತೆ ಹಿಡಿಯೋದು ಸರಿನೋ ತಪ್ಪೋ, ಒಂದು ಹೇಳಿ.' ನಾನು ಅವನಿಗೆ ಹೇಳಿದ್ದು ಇಷ್ಟು. ಆಂಬುಲೆನ್ಸಿಗೆ ಸಂದಿ ಬಿಟ್ಟು, ಮಾತಾಡೋಕೆ ಒಬ್ಬರನ್ನು ಮುಂದೆ ಕೂರಿಸಿ, ಇಂಥವರು ಬಂದು ಇಂಥ ಮಾತು ಕೊಟ್ಟರೆ ಏಳುತ್ತೇವೆ ಅಂತ ಮೊದಲೇ ಹೇಳಿದ ಹೋರಾಟ ಆದರೆ ನಾನು ಗಾಡಿ ಬಂದ್ ಮಾಡಿ ಕಾಯುತ್ತೇನೆ. ಯಾರು ಬಂದರೆ ಏಳುತ್ತೇವೆ ಅನ್ನೋದೇ ಗೊತ್ತಿಲ್ಲದೆ ಕೂತಿದ್ದರೆ ಬೈಯುತ್ತೇನೆ. 'ಆದ್ರೂ ಲೇಟ್ ಆಗುತ್ತಲ್ಲ ಸರ್' ಅಂದ. ಆಗುತ್ತದಪ್ಪಾ. ನವೆಂಬರಿನಲ್ಲಿ ಬೆಳಗಾವಿ ಕಡೆ ಹೋಗುವುದಿದ್ದರೆ ಹೊರಡುವ ಮುಂಚೆ ಆ ಕಡೆಯ ಯಾರಿಗಾದರೂ ಒಂದು ಫೋನ್ ಹಾಕು, ಎರಡು ರೊಟ್ಟಿ ಕಟ್ಟಿಕೊಂಡು ಹೋಗು.